ಬ್ರೇಕಿನ ಪೈಪು

ಹನ್ನೊಂದು ವರ್ಷದಲ್ಲಿ ಮೊದಲ ಸಲ ಮಾಲೀಕ ನಾಗಭೂಷಣ ನನಗೆ ಕುರ್ಚಿ ಹಾಕಿಸಿದ. ಆಗಲೇ ನನಗೆ ಅನುಮಾನ ಬಂತು.

“ಕೂತ್ಕೋ ಮುನಿಕೃಷ್ಣಮ್ಮ. ಯಾಕೆ ನಿಂತಿದೀಯ?” ಎಂದ.

ಹನ್ನೊಂದು ವರ್ಷ ನಾನು ಅದೇ ಅಂಗಳದಲ್ಲಿ ನಿಂತಿದ್ದೆ. ಯಾಕೆ ಅಂತ ಅವನು ಒಂದು ದಿನವೂ ಕೇಳಿರಲಿಲ್ಲ. ಅವನ ತಾಯಿ ಲಕ್ಷ್ಮಿದೇವಮ್ಮ ನಮಗೆ ಗೇಟಿನ ಹತ್ತಿರವೇ ಟೀ ಕೊಡುತ್ತಿದ್ದರು. ನನ್ನ ಅತ್ತೆಯ ಕಾಲದಲ್ಲಿ ತೆಂಗಿನ ಚಿಪ್ಪಿತ್ತು. ನನ್ನ ಕಾಲಕ್ಕೆ ಪೇಪರ್ ಕಪ್ಪು ಬಂತು. ಮೇಲಿನ ಕೇರಿಯಿಂದ ಬಂದ ಗಾರೆಯವನಿಗೆ ಸ್ಟೀಲ್ ಲೋಟ. ನಮ್ಮ ಅಬ್ಬಿಗೆರೆ ಈಗ ಸಿಟಿ ಆಯಿತು, ಕಾಲ ಬದಲಾಯಿತು ಎನ್ನುವವರು ಬಂದು ಆ ಕಪ್ಪು ನೋಡಲಿ.

ನಾನು ಕೂರಲಿಲ್ಲ. ಓದುವುದಕ್ಕೆ ಬೇಕಾಗುತ್ತದೆ ಅಂತ ಮಗಳು ಧನಲಕ್ಷ್ಮಿಯನ್ನು ಕರೆದುಕೊಂಡು ಹೋಗಿದ್ದೆ. ನನಗೆ ಸಹಿ ಹಾಕಲು ಬರುತ್ತದೆ, ಓದಲು ಬರುವುದಿಲ್ಲ. ನಾಗಭೂಷಣ ಒಂದು ಕಾಗದ ಅವಳ ಕೈಗೆ ಕೊಟ್ಟ. ಅವಳು ಓದಿದಳು.

“ನೀರಿನ ಟ್ಯಾಂಕರಿಗೆ ಅಳವಡಿಸಿದ್ದ ಬ್ರೇಕಿನ ಪೈಪನ್ನು ಚಾಲಕ ಚಿಕ್ಕಮಾರಯ್ಯನು ಟ್ರ್ಯಾಕ್ಟರಿಗೆ ಜೋಡಿಸದೆ, ನಿರ್ಲಕ್ಷ್ಯದಿಂದ ವಾಹನ ಚಲಾಯಿಸಿ, ತನ್ನ ಸಾವಿಗೆ ತಾನೇ ಕಾರಣನಾಗಿರುತ್ತಾನೆ. ಇದರಲ್ಲಿ ಮಾಲೀಕರ ತಪ್ಪು ಏನೂ ಇರುವುದಿಲ್ಲ.”

ಅವಳು ಓದಿದ ಆ ಹೆಸರಿನವನು ಅವಳ ಅಪ್ಪ, ನನ್ನ ಗಂಡ. ಆ ಹೆಸರನ್ನು ನಾನು ಯಾವತ್ತೂ ಬಾಯಿ ಬಿಟ್ಟು ಹೇಳಿದವಳಲ್ಲ. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎನ್ನುವವರು ನಮ್ಮವರು. ರೇಷನ್ ಅಂಗಡಿಯಲ್ಲಿ ಕೇಳಿದರೂ ಮಗಳ ಕಡೆ ಕೈ ತೋರಿಸುತ್ತಿದ್ದೆ. ಅಷ್ಟು ಕಾಪಾಡಿದ್ದ ಆಯಸ್ಸು ನಲವತ್ತೊಂಬತ್ತಕ್ಕೆ ಮುಗಿಯಿತು.

“ಪೈಪೇ ಇರ್ಲಿಲ್ವಲ್ಲ ಗೌಡ್ರೇ,” ಎಂದೆ.

ನಾಗಭೂಷಣ ಫೋನ್ ತೆಗೆದು ಫೋಟೋ ತೋರಿಸಿದ. ಉರುಳಿಬಿದ್ದ ಟ್ಯಾಂಕರ್. ಅದರ ಮೂಗಿನಿಂದ ಕಪ್ಪು ಪೈಪು ನೇತಾಡುತ್ತಿತ್ತು.

“ಇದೇನು ಮತ್ತೆ? ಪೊಲೀಸ್‌ನೋರೇ ತೆಗ್ದಿರೋ ಫೋಟೋ. ಪೈಪ್ ಇದೆ. ಅವ್ನು ಹಾಕಿಲ್ಲ. ನೋಡು, ಹೋದೋನು ಹೋದ. ಈಗ ನಿಮ್ಮಿಬ್ರದು ಯೋಚ್ನೆ ಮಾಡು. ಬೋರ್ ಹಿಂದೆ ನೀವಿರೋ ಶೀಟ್ ಮನೇನ ನಿನ್ ಹೆಸ್ರಿಗೇ ಮಾಡಿಸ್ಕೊಡ್ತೀನಿ. ಹುಡುಗಿಗೆ ಆಫೀಸಲ್ಲಿ ಕೆಲ್ಸ. ಇಲ್ಲಾಂದ್ರೆ, ನಂಗೆ ಆ ಜಾಗ ಬೇಕಾಗುತ್ತೆ.”

ಆ ಜಾಗ ನನ್ನ ಮಾವನಿಗೆ ಸರ್ಕಾರ ಕೊಟ್ಟ ಜಮೀನಿನ ತುಂಡು. ಅದು ಇವರದು ಹೇಗಾಯಿತು ಎಂದು ಕೇಳಿದವರ ಹಲ್ಲು ಉಳಿದಿಲ್ಲ.

“ನಾಡಿದ್ದು ಆಯುಧ ಪೂಜೆ,” ಎಂದ ನಾಗಭೂಷಣ. “ಗಾಡಿ ರಿಪೇರಿ ಆಗಿ ಬರುತ್ತೆ. ನೀನೇ ತೊಳ್ದು, ಟ್ಯಾಂಕರ್ ಕಟ್ಕೊಡು. ನಿನ್ನಷ್ಟು ಚೆನ್ನಾಗಿ ಯಾರಿಗೂ ಬರಲ್ಲ. ಜಗನ್ ಓಡಿಸ್ತಾನೆ. ಪೂಜೆ ಮುಗಿಸ್ಕೊಂಡು ಸೈನ್ ಹಾಕು.”

ಜಗನ್ ನನ್ನ ಭಾವನ ಮಗ. ಮೂರು ವರ್ಷದ ಕೂಸಿನ ತಂದೆ. ಚಿಕ್ಕಪ್ಪ ಸತ್ತ ಸೀಟಿನಲ್ಲಿ ಅವನನ್ನು ಕೂರಿಸಲು ಹೊರಟಿದ್ದರು.

ನಮ್ಮ ಕೆಲಸ ಹೀಗಿತ್ತು. ಟ್ರ್ಯಾಕ್ಟರ್ ಒಂದೇ. ಬೆಳಿಗ್ಗೆ ಅದಕ್ಕೆ ನೀರಿನ ಟ್ಯಾಂಕರ್ ಕಟ್ಟಬೇಕು. ಮಧ್ಯಾಹ್ನ ಅದನ್ನು ಬಿಚ್ಚಿ, ಒಡೆದ ಕಟ್ಟಡದ ಕಲ್ಲುಮಣ್ಣು ಸಾಗಿಸುವ ಟ್ರಾಲಿ ಕಟ್ಟಬೇಕು. ಸಂಜೆ ಮತ್ತೆ ಟ್ಯಾಂಕರ್. ನನ್ನ ಗಂಡ ಟ್ರ್ಯಾಕ್ಟರನ್ನು ಹಿಂದಕ್ಕೆ ತರುತ್ತಿದ್ದ. ನಾನು ಪಕ್ಕದಲ್ಲಿ ನಿಂತು “ಬಾ, ಬಾ, ಬಾ, ನಿಂತ್ಕೋ” ಎಂದು ಕೂಗುತ್ತಿದ್ದೆ. ಮನೆಯಲ್ಲಿ ಅವನಿಗೆ ಬಹುವಚನ, ಕೆಲಸದಲ್ಲಿ ಏಕವಚನ. “ಬನ್ನಿ, ಬನ್ನಿ, ನಿಂತ್ಕೊಳ್ಳಿ” ಎನ್ನುವಷ್ಟರಲ್ಲಿ ಯಾರದ್ದಾದರೂ ಕೈ ಜಜ್ಜಿಹೋಗುತ್ತದೆ.

ಕಟ್ಟುವುದನ್ನು ನನಗೆ ಕಲಿಸಿದವನು ಬಾಗಲಗುಂಟೆಯ ಮೆಕ್ಯಾನಿಕ್ ಅಜ್ಜು. ಮೊದಲು ಟ್ಯಾಂಕರಿನ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಟ್ರ್ಯಾಕ್ಟರ್ ನಿಂತು, ಇಂಜಿನ್ ಆಫ್ ಆಗುವ ತನಕ ಎರಡರ ನಡುವೆ ಕಾಲಿಡಬಾರದು. ಆಮೇಲೆ ಪಿನ್ನು, ಪಿನ್ನಿಗೆ ಕ್ಲಿಪ್ಪು, ಮೇಲೆ ಸರಪಳಿ. ಟ್ರಾಲಿ ಎತ್ತುವ ಎಣ್ಣೆ ಪೈಪಾದರೆ ಲಿವರನ್ನು ಹಿಂದೆ ಮುಂದೆ ಆಡಿಸಿ ಒಳಗಿನ ಒತ್ತಡ ಇಳಿಸಬೇಕು. ಪೈಪಿನ ಮೂತಿಯನ್ನೂ ಟ್ರ್ಯಾಕ್ಟರಿನ ಬಾಯಿಯನ್ನೂ ಬಟ್ಟೆಯಿಂದ ಒರೆಸಬೇಕು. ಒತ್ತಿದರೆ ಟಕ್ ಅನ್ನಬೇಕು.

“ಅಕ್ಕ, ಟಕ್ ಅಂದ್ರೂ ನಂಬ್ಬೇಡಿ, ಎಳ್ದು ನೋಡಿ,” ಎನ್ನುತ್ತಿದ್ದ ಅಜ್ಜು. “ಆಮೇಲೆ ಅಣ್ಣಂಗೆ ಬ್ರೇಕ್ ತುಳಿಯೋಕ್ ಹೇಳಿ. ಹಿಂದೆ ಟ್ಯಾಂಕರ್ ಚಕ್ರ ಹಿಡೀತಾ ನೋಡಿ. ಹಿಡಿದ್ಮೇಲೇನೇ ಕಲ್ಲು ತೆಗೀರಿ. ಎಣ್ಣೆ ಪೈಪಿನ ಮೂತಿ ಬೇರೆ, ಬ್ರೇಕ್ ಪೈಪಿನ ಮೂತಿ ಬೇರೆ. ಯಾಕ್ ಗೊತ್ತಾ? ಅರ್ಜೆಂಟಲ್ಲಿ ಒಂದರ ಜಾಗಕ್ಕೆ ಇನ್ನೊಂದ್ ಹಾಕ್ಬಾರ್ದು ಅಂತ.”

ನಾನು ಬ್ರೇಕಿನ ಪೈಪಿಗೆ ನನ್ನ ಹಳೇ ಕೆಂಪು ಸೀರೆಯ ಅಂಚು ಹರಿದು ಕಟ್ಟಿದ್ದೆ. ದಿನಕ್ಕೆ ಎರಡು ಸಲ ಕಟ್ಟಿ ಬಿಚ್ಚಿ ನನ್ನ ಹೆಬ್ಬೆರಳಿನಲ್ಲಿ ಗಂಟು ಬೆಳೆದಿದೆ. ಹೆಬ್ಬೆಟ್ಟಿನ ಗುರುತು ಬೇಕು ಎಂದರೆ ರೇಷನ್ ಅಂಗಡಿಯ ಮೆಷಿನ್ನು ನನ್ನ ಬೆರಳನ್ನು ಒಪ್ಪುವುದಿಲ್ಲ.

ಶ್ರಾವಣದಲ್ಲಿ ಟ್ರಾಲಿಯ ಎಣ್ಣೆ ಪೈಪು ಒಡೆಯಿತು. ನನ್ನ ಗಂಡ ಅವತ್ತು ಊರಲ್ಲಿರಲಿಲ್ಲ, ಸತ್ತವರೊಬ್ಬರ ಮಣ್ಣಿಗೆ ಹೋಗಿದ್ದ. ನಾಗಭೂಷಣ ಗಾಡಿ ನಿಲ್ಲಿಸುವ ಯಾರ್ಡಿಗೆ ಬಂದು ಬೈಕಿನ ಮೇಲೆ ಕೂತೇ ಹೇಳಿದ.

“ಟ್ಯಾಂಕರ್‌ದು ಬಿಚ್ಚಿ ಟ್ರಾಲಿಗೆ ಹಾಕ್ಸು.”

“ಅದು ಬ್ರೇಕಿಂದು ಗೌಡ್ರೇ.”

“ನೀರ್ ಹೊಡಿಯೋಕ್ ಎಂಥಾ ಬ್ರೇಕೇ? ಸ್ಲೋ ಆಗಿ ಹೋಗ್ಲಿ. ಟ್ರಾಲಿ ಎತ್ಲಿಲ್ಲ ಅಂದ್ರೆ ನನ್ ಸೈಟ್ ಕೆಲ್ಸ ನಿಲ್ಲುತ್ತೆ. ಬಿಚ್ಚು.”

ನಾನು ಬಿಚ್ಚಿದೆ. ಸ್ಪ್ಯಾನರ್ ಹಿಡಿದದ್ದು ಈ ಕೈ. ಅಜ್ಜುವಿನ ಅಂಗಡಿಗೆ ಹೊತ್ತುಕೊಂಡು ಹೋದದ್ದು ಈ ಹೆಗಲು. ಅಜ್ಜು “ಬೇಡ ಅಕ್ಕ” ಎಂದ. ನಾಗಭೂಷಣ ಫೋನ್ ಮಾಡಿ ಬೈದ ಮೇಲೆ ಅವನೂ ಬ್ರೇಕಿನ ಮೂತಿ ತೆಗೆದು ಎಣ್ಣೆ ಪೈಪಿನ ಮೂತಿ ಕೂರಿಸಿದ. ನಾನು ವಾಪಸು ಬಂದು, ಟ್ರ್ಯಾಕ್ಟರಿನ ಬ್ರೇಕಿನ ಬಾಯಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಸೈಕಲ್ ಟ್ಯೂಬಿನಿಂದ ಬಿಗಿದೆ. ಒಳಗೆ ಧೂಳು ಹೋಗಬಾರದಲ್ಲ. ಎಂಥ ಜಾಣೆ ನಾನು!

ಮಾರನೇ ದಿನ ನನ್ನ ಗಂಡ ನೋಡಿದ. ನನಗೆ ಏನೂ ಅನ್ನಲಿಲ್ಲ. ನಾಗಭೂಷಣನ ಹತ್ತಿರ ಹೊಸ ಪೈಪು ಕೇಳಿದ. ನಾಳೆ ಎಂದ. ಮೂರು ವಾರ ನಾಳೆ ಎಂದ. ಕೆಲಸ ಬಿಟ್ಟರೆ ಶೀಟಿನ ಮನೆ ಬಿಡಬೇಕು. ಅವನು ಬಿಡಲಿಲ್ಲ.

ಗೌರಿ ಹಬ್ಬದ ಹಿಂದಿನ ದಿನ ಪಕ್ಕದ ಊರು ಸಿಂಗಾಪುರದ ಕಡೆ ಒಂದು ಲೇಔಟಿಗೆ ನೀರು. ಹಬ್ಬ ಅಂತ ಎಲ್ಲರಿಗೂ ನೀರು ಬೇಕು. ಇಳಿಜಾರಿನ ಕೆಳಗೆ ಒಂದು ಮನೆ. ನಾನು ಮೊದಲೇ ಹೋಗಿ ಸಂಪಿನ ಮುಚ್ಚಳ ತೆಗೆದು ಕಾಯುತ್ತಿದ್ದೆ. ಪಕ್ಕದಲ್ಲಿ ಐದಾರು ಹೆಂಗಸರು ಬಿಂದಿಗೆ ಇಟ್ಟುಕೊಂಡು ನಿಂತಿದ್ದರು.

ಟ್ರ್ಯಾಕ್ಟರ್ ಮೇಲೆ ತಿರುವಿನಲ್ಲಿ ಕಾಣಿಸಿತು. ನಿಧಾನಕ್ಕೇ ಬರುತ್ತಿತ್ತು. ಆಮೇಲೆ ನಿಧಾನಕ್ಕೆ ಬರಲಿಲ್ಲ. ಆರು ಸಾವಿರ ಲೀಟರ್ ನೀರು ಹಿಂದಿನಿಂದ ತಳ್ಳುತ್ತಿತ್ತು. ಟ್ರ್ಯಾಕ್ಟರಿನ ಚಕ್ರ ನಿಂತಿತ್ತು, ನಿಂತ ಚಕ್ರವೇ ಜಾರುತ್ತಿತ್ತು. ಅವನು ಸೀಟಿನಿಂದ ಎದ್ದು ನಿಂತಿದ್ದ. ಎರಡೂ ಕಾಲಲ್ಲಿ ಬ್ರೇಕ್ ಮೇಲೆ ನಿಂತಿದ್ದ. ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿದ್ದ.

“ಪಕ್ಕಕ್ಕೋಗೇ! ಓಗ್ರೇ ಎಲ್ರೂ!”

ಅಷ್ಟೇ ಅವನ ಕೊನೆಯ ಮಾತು. ಸ್ಟೀರಿಂಗನ್ನು ಕಾಂಪೌಂಡಿನ ಕಡೆ ತಿರುಗಿಸಿದ. ಟ್ಯಾಂಕರ್ ಅಡ್ಡ ತಿರುಗಿ ಟ್ರ್ಯಾಕ್ಟರನ್ನು ಮಗುಚಿ ಮೇಲೆ ಬಿತ್ತು. ನೀರೆಲ್ಲ ರಸ್ತೆಯಲ್ಲಿ ಹರಿಯಿತು. ನಾನು ಆ ನೀರಲ್ಲಿ ಮಂಡಿಯೂರಿ ಅವನ ಕೈ ಹುಡುಕುತ್ತಿದ್ದಾಗ ಮೇಲಿನ ಮಹಡಿಯಿಂದ ಒಬ್ಬರು ಹೇಳಿದ್ದು ಕೇಳಿಸಿತು. “ಅಯ್ಯೋ, ನೀರೆಲ್ಲ ಹೋಯ್ತಲ್ರೀ.”

ಮೊದಲು ಕುಡಿದಿದ್ದ ಎಂದರು. ಹೆಣ ಕೊಯ್ದು ನೋಡಿದವರು ಇಲ್ಲ ಎಂದರು. ಆಮೇಲೆ ಪೈಪು ಹಾಕಲಿಲ್ಲ ಎಂದರು.

ಅವತ್ತಿನಿಂದ ಅವನು ಕೂತೇ ಇಲ್ಲ. ಇದನ್ನು ಯಾರಿಗೆ ಹೇಳುವುದು? ಶೀಟಿನ ಮನೆಯ ಬಾಗಿಲಲ್ಲಿ ನಿಂತಿರುತ್ತಾನೆ. ಒಲೆಯ ಪಕ್ಕ ನಿಂತಿರುತ್ತಾನೆ. ಮೊಣಕಾಲು ಬಿಗಿಯಾಗಿ, ಎರಡೂ ಪಾದ ಒಂದೇ ಕಡೆ ಊರಿ. ಹನ್ನೊಂದನೇ ದಿನ ಎಡೆ ಇಟ್ಟರೆ ಕಾಗೆ ಮುಟ್ಟಲಿಲ್ಲ. ಏನೋ ಆಸೆ ಉಳಿದಿದೆ ಎಂದರು ಕೇರಿಯವರು. ಮುದ್ದೆ ಸಾರು ಇಟ್ಟರು, ಬೀಡಿ ಇಟ್ಟರು. ಬರಲಿಲ್ಲ. ಆಸೆಯಲ್ಲ, ಅವನ ಕಾಲು ಬ್ರೇಕಿನ ಮೇಲಿದೆ. ಬಿಟ್ಟು ಬಂದು ಉಣ್ಣುವುದು ಹೇಗೆ?

ಫೋಟೋ ನೋಡಿದ ಮೇಲೆ ಇನ್ನೂ ಕೆಟ್ಟುಹೋಯಿತು. ಪೈಪು ಇತ್ತಾ? ನಾನು ಬಿಚ್ಚಿದ್ದು ಸುಳ್ಳಾ? ಅವನು ನನಗೆ ಹೇಳದೆ ಹೊಸದು ತಂದು ಹಾಕಿದ್ದನಾ? ಅವತ್ತು ಬೆಳಿಗ್ಗೆ ಟ್ಯಾಂಕರ್ ಕಟ್ಟಿದವಳು ನಾನೇ. ಹಾಗಾದರೆ ಕಣ್ಣೆದುರು ಇದ್ದ ಪೈಪನ್ನು ನಾನೇ ಹಾಕಲಿಲ್ಲವಾ? ಎರಡು ದಿನ ಕೈಯನ್ನು ಕಣ್ಣ ಮುಂದೆ ಹಿಡಿದುಕೊಂಡು ಕೂತಿದ್ದೆ. ಕೈಗೆ ನೆನಪಿತ್ತು, ತಲೆ ನಂಬುತ್ತಿರಲಿಲ್ಲ. ಬಾಗಿಲಲ್ಲಿ ಅವನು ನಿಂತಿದ್ದ. “ನಿಜ ಏಳ್ರೀ, ನಾನು ಬಿಚ್ಚಿದ್ನಾ ಇಲ್ವಾ?” ಎಂದು ಕೇಳಿದೆ. ಧನಲಕ್ಷ್ಮಿ ಹೆದರಿ ಅತ್ತಳು.

ಆಯುಧ ಪೂಜೆಯ ಬೆಳಿಗ್ಗೆ ಟ್ರ್ಯಾಕ್ಟರ್ ತೊಳೆದೆ. ಹೊಸ ಬಣ್ಣ ಬಳಿದಿದ್ದರು. ಮಡಚಿಹೋಗಿದ್ದ ಬಾನೆಟ್ಟು ನೆಟ್ಟಗಾಗಿತ್ತು. ನಾಗಭೂಷಣನ ಸ್ನೇಹಿತರು ಬಿಳೀ ಬಟ್ಟೆಯಲ್ಲಿ ಬಂದಿದ್ದರು. ರಿಪೇರಿ ಮಾಡಿ ತಂದ ಅಜ್ಜು ಗೋಡೆಯ ಪಕ್ಕ ನಿಂತಿದ್ದ, ನನ್ನ ಮುಖ ನೋಡಲಿಲ್ಲ. ಲಕ್ಷ್ಮಿದೇವಮ್ಮ ಬಾಳೆಕಂದು ಕಟ್ಟಿಸಿ, ಚಕ್ರಗಳ ಮುಂದೆ ನಿಂಬೆಹಣ್ಣು ಇಡಿಸಿದರು. ನಾನು ತೊಳೆಯುವ ತನಕ ಅದು ಕಬ್ಬಿಣ. ಅರಿಶಿನ ಕುಂಕುಮ ಬಿದ್ದ ಮೇಲೆ ಅದು ದೇವರು. ದೇವರಾದ ಮೇಲೆ ನಾನು ದೂರ ನಿಲ್ಲಬೇಕು. ಆದರೆ ಟ್ಯಾಂಕರ್ ಕಟ್ಟಬೇಕಾದಾಗ ಮತ್ತೆ ನನ್ನನ್ನೇ ಕರೆಯಬೇಕಾಯಿತು.

“ಬೇಗ ಕಟ್ಟು, ದೇವಸ್ಥಾನದ ತನಕ ಒಂದ್ ರೌಂಡ್ ಹೋಗ್ಬರ್ಲಿ,” ಎಂದ ನಾಗಭೂಷಣ. ಕಾಗದ ಅವನ ಜೇಬಿನಲ್ಲಿತ್ತು.

ಜಗನ್ ಸೀಟಿನಲ್ಲಿ ಕೂತ. ನಾನು ಟ್ಯಾಂಕರಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಪಕ್ಕದಲ್ಲಿ ನಿಂತು ಕೂಗಿದೆ.

“ಬಾ. ಬಾ. ಬಾ.”

ಸೀಟಿನಲ್ಲಿ ಜಗನ್ ಕೂತಿದ್ದ. ಅವನ ಮೇಲೆ, ಅವನನ್ನು ಮುಟ್ಟದೆ, ನನ್ನ ಗಂಡ ನಿಂತಿದ್ದ. ಬ್ರೇಕ್ ತುಳಿಯುತ್ತಿದ್ದ.

“ನಿಂತ್ಕೋ!”

ಇಂಜಿನ್ ಆಫ್ ಆಯಿತು. ಪಿನ್ನು ಇಳಿಸಿದೆ. ಕ್ಲಿಪ್ಪು, ಸರಪಳಿ. ಟ್ಯಾಂಕರಿನ, ಫೋಟೋದಲ್ಲಿದ್ದ ಆ ಪೈಪು ಕೈಗೆತ್ತಿಕೊಂಡೆ. ಸೀರೆಯ ಅಂಚು ಇರಲಿಲ್ಲ. ಬಟ್ಟೆಯಿಂದ ಒರೆಸಿದೆ. ಟ್ರ್ಯಾಕ್ಟರಿನ ಬಾಯಿ ಒರೆಸಿದೆ. ಒತ್ತಿದೆ.

ಟಕ್ ಅನ್ನಲಿಲ್ಲ.

ಮತ್ತೆ ಒತ್ತಿದೆ. ಮೈಯೆಲ್ಲ ಹಾಕಿ ಒತ್ತಿದೆ. ಹೋಗಲಿಲ್ಲ. ಮೂತಿಯನ್ನು ತಿರುಗಿಸಿ ನೋಡಿದೆ. ಎಣ್ಣೆ ಪೈಪಿನ ಮೂತಿ. ಟ್ರಾಲಿ ಎತ್ತುವ ಪೈಪು! ನನ್ನ ಗಂಡ ಆಸ್ಪತ್ರೆಯ ಕಲ್ಲಿನ ಮೇಲೆ ಮಲಗಿದ್ದಾಗ, ಫೋಟೋ ತೆಗೆಯುವವರು ಬರುವ ಮೊದಲು, ಇವರು ಓಡಿಹೋಗಿ ಅಂಗಡಿಯಿಂದ ಸಿಕ್ಕಿದ ಪೈಪು ತಂದು ಸಿಗಿಸಿದ್ದರು. ಯಾವ ಮೂತಿ ಎಲ್ಲಿಗೆ ಹೋಗುತ್ತದೆ ಎಂದು ಹನ್ನೊಂದು ವರ್ಷದಲ್ಲಿ ಒಂದು ಸಲ ಬಗ್ಗಿ ನೋಡಿದ್ದರೆ ಗೊತ್ತಿರುತ್ತಿತ್ತು. ಫೋಟೋ ತೆಗೆದವರೂ ಕೈ ಹಾಕಿ ನೋಡಲಿಲ್ಲ.

ನನ್ನ ತಲೆ ನೆಟ್ಟಗಾಯಿತು. ಪೈಪು ಹಿಡಿದುಕೊಂಡೇ ಗಾಡಿಗಳ ನಡುವಿನಿಂದ ಹೊರಗೆ ಬಂದೆ.

“ಗೌಡ್ರೇ, ನನ್ ಗಂಡ ಇದನ್ನ ಆಕ್ಲಿಲ್ಲ ಅಂತ ಬರ್ದಿದೀರಲ್ಲ. ನೀವು ಆಕಿ ತೋರ್ಸಿ.”

“ಏನೇ ಅದು? ಕೆಲ್ಸ ನೋಡು.”

“ಆಕಿ ತೋರ್ಸಿ. ಇಷ್ಟು ಜನ ಇದಾರೆ. ಯಾರಾದ್ರೂ ಬನ್ನಿ. ಇದು ಇಲ್ಲಿಗೆ ಓಗೋದಾದ್ರೆ ನಾನ್ ಈಗ್ಲೇ ಸೈನ್ ಆಕ್ತೀನಿ.”

ಯಾರೂ ಬರಲಿಲ್ಲ. ಬಿಳೀ ಬಟ್ಟೆಗೆ ಗ್ರೀಸ್ ಆಗುತ್ತದೆ. ಕೊನೆಗೆ ಜಗನ್ ಇಳಿದು ಬಂದ. ಒತ್ತಿದ. ಬೆವರಿದ.

“ಓಗ್ತಿಲ್ಲ ಚಿಕ್ಕವ್ವ.”

“ಓಗಲ್ಲ. ಟ್ರಾಲಿದು ನೋಡ್ಕೊಂಡ್ ಬಾ. ಅದರ ಮೇಲೆ ಕೆಂಪು ಬಟ್ಟೆ ಐತೆ. ನನ್ ಸೀರೆದು.”

ಅವನು ಹೋಗಿ ನೋಡಿದ. ತಲೆ ಆಡಿಸಿದ. ಆಗ ಗೋಡೆಯ ಪಕ್ಕದಿಂದ ಅಜ್ಜು ಬಂದ. ಕಣ್ಣು ನೆಲದ ಮೇಲಿತ್ತು. ಸ್ಕೂಟರಿನ ಡಿಕ್ಕಿ ತೆಗೆದು, ಹಳೇ ಬನಿಯನ್ನಿನಲ್ಲಿ ಸುತ್ತಿಟ್ಟಿದ್ದ ಒಂದು ಕಬ್ಬಿಣದ ತುಂಡನ್ನು ನನ್ನ ಕೈಗೆ ಕೊಟ್ಟ.

“ಅವತ್ತು ತೆಗೆದ ಮೂತಿ ಅಕ್ಕ. ಎಸೆಯೋಕೆ ಮನಸ್ ಬರ್ಲಿಲ್ಲ.”

ಅದನ್ನು ಟ್ರ್ಯಾಕ್ಟರಿನ ಬಾಯಿಗಿಟ್ಟು ಒತ್ತಿದೆ.

ಟಕ್.

ಅಂಗಳದಲ್ಲಿದ್ದ ಎಲ್ಲರಿಗೂ ಕೇಳಿಸಿತು. ಎಳೆದು ನೋಡಿದೆ. ಬರಲಿಲ್ಲ.

ನಾಗಭೂಷಣನ ಮುಖ ಕಪ್ಪಾಯಿತು. “ಬಿಚ್ಚಿದ್ದು ನೀನೇ ತಾನೇ?” ಎಂದ, ಹಲ್ಲು ಕಚ್ಚಿ, ನನಗೊಬ್ಬಳಿಗೆ ಕೇಳುವ ಹಾಗೆ. “ಹೋಗಿ ಹೇಳು ನೋಡೋಣ. ಒಳಗ್ ಹೋಗೋಳು ನೀನು. ಗಂಡನ್ನ ಕೊಂದೋಳು ನೀನು.”

ಇಷ್ಟು ದಿನ ಬಾಗಿಲಲ್ಲಿ ನಿಂತವನು ನನಗೆ ಹೇಳದೆ ಉಳಿಸಿದ್ದ ಮಾತು ಅದು. ಇವನು ಹೇಳಿಬಿಟ್ಟ. ನೋವಾಯಿತು, ತುಂಬಾ ನೋವಾಯಿತು. ಆದರೆ ಹೆದರಿಕೆ ಅಲ್ಲಿಗೆ ಮುಗಿಯಿತು. ಅದಕ್ಕಿಂತ ದೊಡ್ಡದು ಇವನ ಹತ್ತಿರ ಇನ್ನೇನೂ ಇರಲಿಲ್ಲ.

“ಊಂ. ಬಿಚ್ಚಿದ್ದು ನಾನೇ,” ಎಂದು ಜೋರಾಗಿ ಹೇಳಿದೆ. “ಬಿಚ್ಚು ಅಂದಿದ್ದು ನೀನು.”

ಹನ್ನೊಂದು ವರ್ಷದಲ್ಲಿ ಅವನಿಗೆ ಏಕವಚನ ಅದೇ ಮೊದಲು. ಲಕ್ಷ್ಮಿದೇವಮ್ಮ “ಪೂಜೆ ದಿನ ಏನಿದು ಅನಿಷ್ಟ, ಅವಳನ್ನ ಆಚೆ ಕಳ್ಸು” ಎಂದು ಕೂಗಿದರು. ಮೂತಿಯನ್ನು ಬಿಡಿಸಿಕೊಂಡು ಸೆರಗಿಗೆ ಕಟ್ಟಿಕೊಂಡೆ. ಜಗನ್ ಟ್ರ್ಯಾಕ್ಟರಿನ ಕೀ ತೆಗೆದು ಚಕ್ರದ ಮುಂದಿದ್ದ ನಿಂಬೆಹಣ್ಣಿನ ಪಕ್ಕ ಇಟ್ಟ.

“ನಾನು ಓಡ್ಸಲ್ಲ,” ಎಂದ.

“ಶೀಟ್ ಮನೆ ಇವತ್ತೇ ಖಾಲಿ ಮಾಡ್ಬೇಕು!” ಎಂದು ನಾಗಭೂಷಣ ಹಿಂದಿನಿಂದ ಕೂಗಿದ. ನಾನು ಮಗಳ ಕೈ ಹಿಡಿದು ಗೇಟು ದಾಟಿದೆ. ಅಜ್ಜು ಸ್ಕೂಟರ್ ತಳ್ಳಿಕೊಂಡು ಹಿಂದೆ ಬಂದ.

ಠಾಣೆಯಲ್ಲೂ ಆಯುಧ ಪೂಜೆ. ಬಂದೂಕುಗಳಿಗೆ ಹೂವು, ಜೀಪಿಗೆ ಬಾಳೆಕಂದು. ಬರೆದುಕೊಳ್ಳುವ ಪೊಲೀಸ್ ಪುರಿ ತಿನ್ನುತ್ತಿದ್ದ. ನಾಳೆ ಬಾ ಎಂದ. ನಾಳೆ ಎನ್ನುವ ಮಾತು ನನಗೆ ಗೊತ್ತು. ಅಲ್ಲೇ ನಿಂತೆ. ಒಂದು ಗಂಟೆ, ಎರಡು ಗಂಟೆ. ಕಾಲು ಸೋತಿತು. ಪಕ್ಕದಲ್ಲಿ ನನ್ನ ಗಂಡನೂ ನಿಂತಿದ್ದ, ಹಾಗೇ, ಮೊಣಕಾಲು ಬಿಗಿದು. ಬೆಂಚು ಖಾಲಿ ಇತ್ತು. ಇಬ್ಬರೂ ಕೂರಲಿಲ್ಲ.

ಕೊನೆಗೆ ಪೊಲೀಸ್ ಕೈ ಒರೆಸಿಕೊಂಡು ಹಾಳೆ ಎಳೆದುಕೊಂಡ. ನಾನು ಮೂತಿಯನ್ನು ಮೇಜಿನ ಮೇಲೆ ಇಟ್ಟು ಎಲ್ಲ ಹೇಳಿದೆ.

“ಪೈಪ್ ಬಿಚ್ಚಿದ್ಯಾರು?”

“ನಾನು.”

ಪೆನ್ನು ನಿಂತಿತು. “ನೋಡಮ್ಮ, ಹಿಂಗೆ ಹೇಳಿದ್ರೆ ಮೊದ್ಲು ನಿನ್ ಮೇಲೇ ಬರುತ್ತೆ. ತಿಳ್ಕೊಂಡು ಮಾತಾಡು.”

“ಬರ್ಲಿ ಸಾರ್. ನನ್ ಎಸ್ರು ಮೊದ್ಲು ಬರ್ಕೊಳ್ಳಿ. ಬಿಚ್ಚು ಅಂದೋನ ಎಸ್ರು ಅದರ ಕೆಳ್ಗೆ ಬರೀರಿ. ಎಲ್ಡೂ ಇರ್ಬೇಕು. ಬರ್ದಿದ್ನ ನನ್ ಮಗಳು ಓದ್ತಾಳೆ.”

ಅವನು ಬರೆಯಲು ಮತ್ತೆ ತಲೆ ಬಗ್ಗಿಸಿದ.

“ಸತ್ತೋರ ಹೆಸರು?”

ಧನಲಕ್ಷ್ಮಿ ಬಾಯಿ ತೆರೆದಳು. ಅವಳ ಕೈ ಒತ್ತಿ ಹಿಡಿದೆ.

“ಚಿಕ್ಕಮಾರಯ್ಯ,” ಎಂದೆ.

ನನ್ನ ಬಾಯಲ್ಲಿ ಆ ಹೆಸರು ಹೊಸದಾಗಿತ್ತು. ಇನ್ನೊಂದು ಸಲ ಹೇಳಿದೆ. “ಚಿಕ್ಕಮಾರಯ್ಯ. ನನ್ ಗಂಡ.”

“ಸರಿ. ಬ್ರೇಕ್ ಇಲ್ದೆ ಗಾಡಿ ಇಳಿಜಾರಲ್ಲಿ ಬಂತು, ಬಿತ್ತು. ಅಷ್ಟೇ ತಾನೇ?”

“ಅಷ್ಟೇ ಅಲ್ಲ ಸಾರ್. ಅವ್ರು ಬ್ರೇಕ್ ತುಳಿದ್ರು. ಎದ್ದು ನಿಂತು, ಎಲ್ಡೂ ಕಾಲಲ್ಲಿ ತುಳಿದ್ರು. ಅದನ್ನೂ ಬರ್ಕೊಳ್ಳಿ.”